ಎರಡು ತುಂಡಿನ ಕೋಲು

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಜೀವ ಕೈಯಲ್ಲಿ ಹಿಡಿದು ಕೂರುವ ಕೆಲಸ. ಸ್ಟಿಯರಿಂಗ್ ಬೇರೆಯವರ ಕೈಯಲ್ಲಿ, ರಸ್ತೆಯಲ್ಲಿ ಹೋಗುವವರ ಬೈಗುಳ ಮಾತ್ರ ಇವರ ಪಾಲಿಗೆ. ಬೀದಿಗೆ ಬೀದಿಯೇ ಮೇಷ್ಟ್ರೇ ಮೇಷ್ಟ್ರೇ ಎಂದು ಕರೆದು, ಕೊನೆಗೆ ಅವರ ಹೆಂಡತಿಯೂ ಸಿಟ್ಟು ಬಂದಾಗೆಲ್ಲ ಹಾಗೇ ಕರೆಯತೊಡಗಿದ್ದಳು.

ಇಂಥವರಿಗೆ ಐವತ್ತು ದಾಟಿದ ಮೇಲೆ ಲೇತಿನ ಹುಚ್ಚು ಹಿಡಿಯಿತು. ಯಾರದೋ ಮನೆಯಲ್ಲಿ ಮರದ ಬಟ್ಟಲೊಂದನ್ನು ಕೈಗೆತ್ತಿಕೊಂಡು ನೋಡಿದ್ದೇ ನೆಪ. ಮರ ಕಡೆಯುವುದನ್ನು ಕಲಿಸುವ ಶನಿವಾರದ ಕ್ಲಾಸಿಗೆ ಸೇರಿದರು. ಯಾರೋ ಮಾರುತ್ತಿದ್ದ ಹಳೆಯ, ಚಿಕ್ಕ ಲೇತೊಂದನ್ನು ತಂದು ಹಿತ್ತಲಿನ ಶೆಡ್ಡಿನಲ್ಲಿ ಕೂರಿಸಿದರು. ಎರಡು ಮೊನೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ ಸ್ವಿಚ್ ಒತ್ತಿದರೆ ಅದು ಗಿರ್ರನೆ ತಿರುಗುತ್ತದೆ. ಉಳಿಯನ್ನು ಮುಂದಿನ ಆನಿಕೆ ಪಟ್ಟಿಯ ಮೇಲಿಟ್ಟು ಮೆಲ್ಲಗೆ ತಾಗಿಸಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ, ಚೌಕದ ತುಂಡು ಕಣ್ಣೆದುರೇ ದುಂಡಗಾಗುತ್ತದೆ. ಹೇಳಿದ ಹಾಗೆ ಕೇಳುವ ವಸ್ತುವೊಂದು ಮೇಷ್ಟ್ರ ಬದುಕಿನಲ್ಲಿ ಇದೇ ಮೊದಲು. ಅವರು ಸುಖವಾಗಿ ಹಾಳಾಗಿ ಹೋದರು.

ಶೆಡ್ಡಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಹೆಂಡತಿಯ ಬಟ್ಟೆ ಒಣಗಿಸುವ ಸ್ಟ್ಯಾಂಡು. ಅದು ಈಗ ನಡುಮನೆಗೆ ಬಂತು.

"ನನ್ನ ಬಟ್ಟೆಗೆ ಜಾಗ ಇಲ್ಲ, ನಿಮ್ಮ ಗಿರಗಿಟ್ಲೆಗೆ ಜಾಗ ಇದೆ," ಎಂದಳು ಹೆಂಡತಿ.

"ಗಿರಗಿಟ್ಲೆ ಅಲ್ಲ ಕಣೇ, ಲೇತು."

"ಏನೋ ಒಂದು. ಅಲ್ಲಿಂದ ಬರುವಾಗ ಕಾಲು ಒದರಿ ಬನ್ನಿ. ಮನೆ ತುಂಬ ಸಿಪ್ಪೆ. ಬೆಳಿಗ್ಗೆ ಹಾಸಿಗೇಲಿ ಸಿಕ್ತು ನನಗೆ."

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ದಿನವೆಲ್ಲ ಊರಿನ ರೋಗಿಗಳ ಹಾಸಿಗೆ ಬಟ್ಟೆ ಬೇಯಿಸಿ, ಒಗೆದು, ಮಡಿಸಿ ಬಂದವಳಿಗೆ ಕೊಳೆ ಅಂದರೆ ಹಗೆ. ಮನೆಯ ನೆಲವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸುವುದು ಅವಳ ನೇಮ. ಮೇಷ್ಟ್ರ ತಾಯಿಗೆ, ಅಂದರೆ ಬೀದಿಯವರೆಲ್ಲ ಅಜ್ಜಿ ಎನ್ನುವ ಆ ಮುದುಕಿಗೆ, ಈ ನೇಮವನ್ನು ಕಂಡರೆ ಮೈಯೆಲ್ಲ ಉರಿ.

"ಇದೇನು ಮನೇನೋ ಈಜುಕೊಳನೋ? ಯಾವತ್ತಾದ್ರೂ ನಾನು ಜಾರಿ ಬಿದ್ದು ಸಾಯ್ತೀನಿ, ಆಗ ಒರೆಸ್ಕೊಳ್ಳಮ್ಮ ಬೇಕಾದಷ್ಟು."

"ನಾನು ಒರೆಸದೇ ಇದ್ರೆ ನೀವು ಕೊಳೇಲಿ ಸಾಯ್ತೀರಿ ಅತ್ತೆ. ಯಾವುದು ಬೇಕು ಆರಿಸ್ಕೊಳ್ಳಿ."

ಮದುವೆಯಾದಂದಿನಿಂದ ನಡೆದು ಬಂದ ಜಗಳ ಇದು. ಮೇಷ್ಟ್ರು ಅದಕ್ಕೆ ಗಡಿಯಾರದ ಸದ್ದಿಗೆ ಒಗ್ಗಿದಂತೆ ಒಗ್ಗಿದ್ದರು. ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದವಳು, ಇಬ್ಬರ ನಡುವೆ ತಟ್ಟೆ ಇಟ್ಟುಕೊಂಡು ತಣ್ಣಗೆ ಊಟ ಮಾಡುತ್ತಿದ್ದಳು.

ಅಜ್ಜಿಯ ಮೊಣಕಾಲು ಕೈಕೊಟ್ಟು ವರ್ಷವಾಗಿತ್ತು. ಔಷಧಿ ಅಂಗಡಿಯಿಂದ ತಂದ ಲೋಹದ ಕೋಲು ಹಿಡಿದು ಓಡಾಡುತ್ತಿದ್ದಳು. "ಇದನ್ನ ಹಿಡ್ಕೊಂಡ್ರೆ ನಾನೇ ರೋಗಿ ಅನ್ನಿಸುತ್ತೆ" ಎಂದು ಒಮ್ಮೆ ಮುಖ ಸಿಂಡರಿಸಿದಳು. ಅಷ್ಟು ಸಾಕಾಯಿತು ಮೇಷ್ಟ್ರಿಗೆ. ಆಗಿನ್ನೂ ನಾಲ್ಕಾರು ಬುಗುರಿ, ಒಂದು ಸೊಟ್ಟ ಬಟ್ಟಲು ಮಾಡಿದ್ದ ಗೃಹಸ್ಥರು "ನಾನು ಮಾಡಿಕೊಡ್ತೀನಿ ಬಿಡಮ್ಮ, ಮರದ್ದು" ಎಂದು ಮಾತು ಕೊಟ್ಟರು.

ಕ್ಲಾಸು ನಡೆಸುವಾಕೆ ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು: "ಮೈಭಾರ ಹೊರೋ ವಸ್ತು ಸದ್ಯಕ್ಕೆ ಯಾರೂ ಮಾಡಬೇಡಿ. ಸ್ಟೂಲು ಬೇಡ, ಕೋಲು ಬೇಡ. ಬಟ್ಟಲು ಒಡೆದ್ರೆ ಬಟ್ಟಲಷ್ಟೇ ಹೋಗೋದು." ಮೇಷ್ಟ್ರು ತಲೆ ಆಡಿಸಿದ್ದರು. ತಾವು ದಿನವೂ ಕಲಿಯುವವರಿಗೆ ಹೇಳುವ ಮಾತೂ ಇಂಥದ್ದೇ: ಸದ್ಯಕ್ಕೆ ಹೆದ್ದಾರಿ ಬೇಡ. ಅವರೂ ಹೀಗೇ ತಲೆ ಆಡಿಸಿ, ಆಮೇಲೆ ಅಪ್ಪನ ಕಾರು ತೆಗೆದುಕೊಂಡು ಹೆದ್ದಾರಿಗೇ ಹೋಗುತ್ತಾರೆ.

ಮೇಷ್ಟ್ರ ಲೇತು ಗಿಡ್ಡ. ಕೋಲಿನಷ್ಟು ಉದ್ದದ ಮರ ಅದಕ್ಕೆ ಹಿಡಿಸುವುದಿಲ್ಲ. ಆದ್ದರಿಂದ ಕೋಲನ್ನು ಎರಡು ತುಂಡಾಗಿ ಕಡೆದರು. ಕೆಳಗಿನ ತುಂಡಿನ ನೆತ್ತಿಯಲ್ಲಿ ಒಂದು ಗೂಟ, ಮೇಲಿನ ತುಂಡಿನ ಬುಡದಲ್ಲಿ ಅದು ಕೂರಲು ಒಂದು ತೂತು. ತೂತು ಕೊರೆಯುವಾಗ ಡ್ರಿಲ್ಲು ಅತ್ತಿತ್ತ ಓಲಾಡಿ, ತೂತು ಅಗಲವಾಯಿತು. ಗೂಟ ಒಳಗೆ ಹೋದದ್ದೇನೋ ಹೋಯಿತು, ಆದರೆ ಸಡಿಲವಾಗಿ ಲೊಟಲೊಟ ಎಂದಿತು. ಎಸೆದು ಹೊಸ ತುಂಡು ಹಿಡಿಯಬೇಕಾದ ಜಾಗ ಅದು. ಆದರೆ ಮೇಲಿನ ತುಂಡಿನ ಹಿಡಿ ಬಹಳ ಚೆನ್ನಾಗಿ ಬಂದುಬಿಟ್ಟಿತ್ತು, ಅಂಗೈಗೆಂದೇ ಹುಟ್ಟಿದ ಹಾಗಿತ್ತು. ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತೂತಿನೊಳಗೆ ತುಂಬಿ, ಗೂಟವನ್ನು ಒತ್ತಿ ಕೂರಿಸಿದರು. ಒಣಗಿದ ಮೇಲೆ ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ. ಸಂದು ಕಾಣದ ಹಾಗೆ ಕಪ್ಪು ಮರದ ಒಂದು ಬಳೆ ಕಡೆದು ಮೇಲೆ ತೊಡಿಸಿದರು.

ನೋಡಿದವರೆಲ್ಲ ಹೊಗಳಿದ್ದು ಆ ಬಳೆಯನ್ನೇ.

"ಎಂಥ ಕೆಲಸ ನೋಡ್ರೀ ಇದು," ಎಂದು ಅಜ್ಜಿ ಬಾಗಿಲಿಗೆ ಬಂದವರಿಗೆಲ್ಲ ಕೋಲನ್ನು ಎತ್ತಿ ತೋರಿಸಿದಳು. "ನನ್ನ ಮಗ ಮಾಡಿದ್ದು. ಅಂಗಡೀದಲ್ಲ." ಹಳೆಯ ಲೋಹದ ಕೋಲನ್ನು ಗುಜರಿಯವನಿಗೆ ಹಾಕಿಸಿದಳು. ಹೆಂಡತಿ ಕೂಡ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ಲ ಮೇಷ್ಟ್ರೇ, ಅಷ್ಟು ಸಿಪ್ಪೆ ಗುಡಿಸಿದ್ದೂ ಸಾರ್ಥಕ ಆಯ್ತು" ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನವೇ ಸರಿ. ಮೇಷ್ಟ್ರು ಒಳಗೊಳಗೇ ಬೀಗಿದರು, ಅಂಟನ್ನು ಮರೆತೂಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ಮನೆಯೊಳಗಿನ ಓಣಿಯಂಥ ಉದ್ದದ ಹಾದಿಯನ್ನು ಒರೆಸಿ ಬಕೆಟ್ಟು ಎತ್ತಿಕೊಂಡು ಹೋದ ಸ್ವಲ್ಪ ಹೊತ್ತಿಗೆ, ಅಜ್ಜಿ ಬಚ್ಚಲಿಗೆಂದು ಹೊರಟವಳು ದೊಪ್ಪನೆ ಬಿದ್ದಳು.

ಮೊದಲು ಓಡಿ ಬಂದವರು ಮೇಷ್ಟ್ರು. ಅಜ್ಜಿ ಮಗ್ಗುಲಾಗಿ ಬಿದ್ದು, ಬಾಯಿ ತೆರೆದು, ಕೂಗಲೂ ಆಗದೆ ಒದ್ದಾಡುತ್ತಿದ್ದಳು. ಕೋಲು ಎರಡು ತುಂಡಾಗಿ ಬಿದ್ದಿತ್ತು. ಹಿಂದೆಯೇ ಬಂದ ಹೆಂಡತಿ ಗೋಡೆ ಹಿಡಿದು ನಿಂತು, "ಅಯ್ಯೋ, ನಾನು ಈಗ ತಾನೇ ಒರೆಸಿದ್ದೆ, ನಾನು ಈಗ ತಾನೇ ಒರೆಸಿದ್ದೆ" ಎಂದಳು. ಅವಳ ಬಣ್ಣವೇ ಹೋಗಿತ್ತು.

ಅವಳು ಆಂಬುಲೆನ್ಸಿಗೆ ಫೋನು ಮಾಡಲು ಓಡಿದಾಗ ಮೇಷ್ಟ್ರು ಕೋಲಿನ ತುಂಡುಗಳನ್ನು ಕೈಗೆತ್ತಿಕೊಂಡರು. ಮುರಿದ ಮರವಾಗಿದ್ದರೆ ಸೀಳು ಇರಬೇಕು, ಎಳೆ ಎಳೆಯಾಗಿ ಕಿತ್ತಿರಬೇಕು. ಇಲ್ಲಿ ಒಂದು ಎಳೆಯೂ ಕಿತ್ತಿರಲಿಲ್ಲ. ಗೂಟ ನುಣ್ಣಗೆ, ಒಣಗಿದ ಅಂಟಿನ ಹೊಳಪಿನ ಸಮೇತ, ಹಲ್ಲು ಕಳಚಿದ ಹಾಗೆ ತೂತಿನಿಂದ ಕಳಚಿ ಬಂದಿತ್ತು. ಮೇಷ್ಟ್ರಿಗೆ ಒಂದೇ ನೋಟಕ್ಕೆ ಎಲ್ಲವೂ ತಿಳಿಯಿತು. ತಿಳಿದದ್ದೇ ತಡ, ತುಂಡುಗಳನ್ನು ಎತ್ತಿಕೊಂಡು ಹೋಗಿ ಶೆಡ್ಡಿನ ಸಿಪ್ಪೆಯ ಚೀಲದಲ್ಲಿ ತುರುಕಿ ಬಂದರು. ನರಳುವ ತಾಯಿಯನ್ನು ಬಿಟ್ಟು ಹೋಗಿ ತುರುಕಿ ಬಂದರು ಎಂಬುದನ್ನೂ ಹೇಳಲೇಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು "ಹೇಗೆ ಬಿದ್ರು?" ಎಂದು ಕೇಳಿದಾಗ ಹೆಂಡತಿಯೇ ಬಾಯಿಬಿಟ್ಟಳು. "ನೆಲ ಒದ್ದೆ ಇತ್ತು. ನಾನು ಒರೆಸಿದ್ದೆ."

"ಕೋಲು ಇರಲಿಲ್ವಾ?"

"ಇತ್ತು," ಎಂದರು ಮೇಷ್ಟ್ರು. "ಬಿದ್ದ ಏಟಿಗೆ ಅದೂ ಮುರೀತು."

ಹೇಳಿದ್ದು ಅಷ್ಟೇ. ಆದರೆ ಆ ಮಾತು ಅವರ ಬಾಯಿಂದ ಹೊರಬಿದ್ದದ್ದು ಎಷ್ಟು ಸಲೀಸಾಗಿತ್ತೆಂದರೆ, ಅವರಿಗೇ ತಮ್ಮ ಮೇಲೆ ಅಸಹ್ಯವಾಯಿತು.

ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ನು ಆಯಿತು, ಕಬ್ಬಿಣ ಕೂರಿಸಿದರು, ಮನೆಗೆ ಕಳಿಸಿದರು. ಹೆಂಡತಿ ಇದ್ದಬದ್ದ ರಜೆಯನ್ನೆಲ್ಲ ಬಳಿದು ತೆಗೆದುಕೊಂಡಳು. ಗಂಜಿ ಕಾಯಿಸಿ ಕುಡಿಸಿದಳು, ಮಗ್ಗುಲು ಬದಲಿಸಿದಳು, ಮೈ ಒರೆಸಿದಳು, ಬೆಡ್ ಪ್ಯಾನು ಇಟ್ಟಳು, ತೆಗೆದಳು. ಊಟದ ಮೇಜನ್ನೇ ಅಜ್ಜಿಯ ಕೋಣೆಗೆ ಎಳೆಸಿದಳು, ಮುದುಕಿ ಒಬ್ಬಳೇ ಉಣ್ಣಬಾರದೆಂದು. ನೆಲ ಒರೆಸುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಮೊಣಕಾಲೂರಿ ಒಣಬಟ್ಟೆಯಲ್ಲಿ ಧೂಳು ತೆಗೆಯುತ್ತಿದ್ದಳು, ಅಷ್ಟೇ.

ಮನೆಯಲ್ಲಿ ಜಗಳ ನಿಂತುಹೋಯಿತು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ.

"ಅತ್ತೆ, ಉಪ್ಪು ಸರಿ ಇದೆಯಾ?"

"ಸರಿ ಇದೆ ಕಣಮ್ಮ. ನಿನ್ನ ಕೈ ರುಚಿಗೇನು. ನೀನೂ ಉಣ್ಣು, ಸೊರಗಿ ಹೋಗಿದೀಯ."

ಮಗಳು ಚಮಚ ಬಾಯಲ್ಲೇ ಇಟ್ಟುಕೊಂಡು ಅಪ್ಪನನ್ನು ನೋಡಿದಳು. ಮೇಷ್ಟ್ರು ತಟ್ಟೆ ನೋಡಿದರು.

ನೋಡಲು ಬಂದವರೆದುರು ಅಜ್ಜಿ ಸೊಸೆಯನ್ನು ಬಾಯ್ತುಂಬ ಹೊಗಳುತ್ತಿದ್ದಳು. "ಚಿನ್ನ ಕಣ್ರೀ ನನ್ನ ಸೊಸೆ. ಹೆತ್ತ ಮಗಳೂ ಹೀಗೆ ನೋಡ್ಕೊಳ್ಳಲ್ಲ. ನೆಲ ಒದ್ದೆ ಮಾಡಿದ್ದು ಬಿಟ್ರೆ ಅವಳದ್ದೇನೂ ತಪ್ಪಿಲ್ಲ. ನಾನಂತೂ ಮನಸ್ಸಿನಲ್ಲಿಟ್ಕೊಂಡಿಲ್ಲ, ಅವತ್ತೇ ಬಿಟ್ಟುಬಿಟ್ಟೆ." ಹೀಗೆ ದಿನಕ್ಕೊಂದು ಸಲ, ಕೆಲವು ದಿನ ಮೂರು ಸಲ, ಅಜ್ಜಿ ಅವಳನ್ನು ಕ್ಷಮಿಸುತ್ತಿದ್ದಳು. ಪ್ರತಿ ಸಲವೂ ಹೆಂಡತಿ ತಲೆ ತಗ್ಗಿಸಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಎದುರುತ್ತರ ಕೊಡದ ಹೆಂಡತಿಯನ್ನು ಮೇಷ್ಟ್ರು ಎಂದೂ ಕಂಡಿರಲಿಲ್ಲ. ಈಗ ಕಾಣಲು ಅವರಿಗೆ ಧೈರ್ಯ ಸಾಲಲಿಲ್ಲ. ತಪ್ಪು ಮಾಡಿದ ಗಂಡಸರು ಮಾಡುವುದನ್ನೆಲ್ಲ ಅವರೂ ಮಾಡಿದರು. ಹಣ್ಣು ತಂದರು. ಕೇಳದೆಯೇ ಪಾತ್ರೆ ತೊಳೆದರು. ತರಕಾರಿ ಹೆಚ್ಚಲು ಕೂತು ಬೆರಳು ಹೆಚ್ಚಿಕೊಂಡರು. ಹೆಂಡತಿಗೆ ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದರು.

"ಏನ್ರೀ ಇದು, ಹೊಸದಾಗಿ ಅಕ್ಕರೆ?" ಎಂದಳು ಅವಳು. "ಏನಾದ್ರೂ ತಪ್ಪು ಮಾಡಿದೀರಾ?"

ತಮಾಷೆಗೆಂದೇ ಕೇಳಿದ್ದಳು. ಮೇಷ್ಟ್ರು ನಕ್ಕರು. ಆ ನಗು ಗಂಟಲಿನಲ್ಲೇ ಸಿಕ್ಕಿ ಕೆಮ್ಮಾಯಿತು. ಅವಳು ನೀರು ತಂದುಕೊಟ್ಟಳು.

ಹೇಳಿಬಿಡಬೇಕು ಎಂದು ಅವರು ದಿನವೂ ಅಂದುಕೊಳ್ಳುತ್ತಿದ್ದರು. ಪ್ರತಿದಿನವೂ ಹೇಳದಿರಲು ಒಂದು ಒಳ್ಳೆಯ ಕಾರಣ ಸಿಗುತ್ತಿತ್ತು. ಇವತ್ತು ಅಮ್ಮನಿಗೆ ನೋವು ಜಾಸ್ತಿ. ಇವತ್ತು ಇಬ್ಬರೂ ನಗುನಗುತ್ತ ಕೂತಿದ್ದಾರೆ, ಕೆಡಿಸುವುದೇಕೆ. ಅತ್ತೆ ಸೊಸೆ ಇಷ್ಟು ವರ್ಷಕ್ಕೆ ಒಂದಾಗಿದ್ದಾರಲ್ಲ, ನಾನು ಬಾಯಿಬಿಟ್ಟರೆ ಮತ್ತೆ ಹರಿದುಹೋಗುತ್ತದಲ್ಲ. ಈ ಕೊನೆಯ ಕಾರಣ ಅವರಿಗೆ ಬಹಳ ಹಿಡಿಸಿತ್ತು. ಮನೆಯ ನೆಮ್ಮದಿಗಾಗಿ ತಾವೊಬ್ಬರೇ ಭಾರ ಹೊತ್ತಿರುವಂತೆ ಕೂಡ ಅನಿಸುತ್ತಿತ್ತು. ಭಾರ ಹೊತ್ತವಳು ಅಡುಗೆಮನೆಯಲ್ಲಿ ಬೆಡ್ ಪ್ಯಾನಿಗೆ ಬಿಸಿನೀರು ಕಾಯಿಸುತ್ತಿದ್ದಳು.

ಶೆಡ್ಡಿಗೆ ಅವರು ಒಮ್ಮೆ ಮಾತ್ರ ಹೋದರು. ಲೇತಿನ ಸ್ವಿಚ್ ಒತ್ತಿ, ಏನನ್ನೂ ಸಿಕ್ಕಿಸದೆ, ಬರಿದೇ ತಿರುಗುವುದನ್ನು ನೋಡುತ್ತ ನಿಂತು, ಆರಿಸಿ ಬಂದರು. ಹಿಂದಿನಿಂದ ಮಗಳು, "ಯಾಕಪ್ಪ, ಬೇಜಾರಾಯ್ತಾ ಲೇತು?" ಎಂದು ಕೇಳಿದಳು.

"ಹೂಂ ಕಣೇ. ಮೊದಲಿನ ಹಾಗೆ ಆಗ್ತಿಲ್ಲ."

"ಅಮ್ಮನೂ ಮೊದಲಿನ ಹಾಗಿಲ್ಲ. ಗಮನಿಸಿದೀಯಾ? ನಿನ್ನೆ ಸ್ನಾನದ ಮನೇಲಿ ಅಳ್ತಿದ್ಲು. ಕೇಳಿದ್ರೆ ಸೋಪು ಕಣ್ಣಿಗೆ ಹೋಯ್ತು ಅಂದ್ಲು. ನಾನೇನು ಸಣ್ಣ ಮಗುನಾ?"

ಮೇಷ್ಟ್ರು ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿದರು. ಆ ರಾತ್ರಿ ಊಟ ಸೇರಲಿಲ್ಲ.

ವಾರಗಳು ಕಳೆದು ಅಜ್ಜಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕತೊಡಗಿದಳು. ಬಚ್ಚಲಿಗೆ ಹೋಗಲು ಒಬ್ಬರ ಕೈ ಬೇಕೇ ಬೇಕಿತ್ತು, ಸೀರೆ ಎತ್ತಿ ಹಿಡಿಯಲು, ಕೂರಿಸಲು, ಏಳಿಸಲು. ಅದಕ್ಕೆಲ್ಲ ಸೊಸೆಯನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೆಂಡತಿಗೆ ಸುದ್ದಿ ಬಂತು. ಬಟ್ಟೆ ವಿಭಾಗದ ಮೇಲ್ವಿಚಾರಕಿಯ ಜಾಗ ಖಾಲಿಯಾಗಿದೆ, ಇವಳಿಗೇ ಕೊಡುತ್ತಾರಂತೆ, ಬೆಳಗಿನ ಪಾಳಿ, ಕೂಡಲೇ ಬರಬೇಕು. ಆ ಜಾಗದ ಮೇಲೆ ಅವಳಿಗೆ ಎಷ್ಟು ವರ್ಷದ ಆಸೆಯಿತ್ತೆಂದು ಮೇಷ್ಟ್ರಿಗೆ ಗೊತ್ತಿತ್ತು. ಮೊದಲೆಲ್ಲ ಊಟಕ್ಕೆ ಕೂತರೆ ಸಾಕು, "ನಾನಾಗಿದ್ರೆ ಆ ಯಂತ್ರಗಳನ್ನ ಹೀಗಿಡ್ತಿದ್ದೆ, ಹಾಗಿಡ್ತಿದ್ದೆ" ಎಂದು ಮೇಜಿನ ಮೇಲೆ ಲೋಟಗಳನ್ನು ಸಾಲಿಟ್ಟು ತೋರಿಸುತ್ತಿದ್ದಳು.

"ಬರಲ್ಲ ಅಂತ ಹೇಳಿಬಿಡ್ತೀನಿ," ಎಂದಳು ಈಗ, ಆಲೂಗಡ್ಡೆ ಸುಲಿಯುತ್ತ.

"ಯಾಕೆ?" ಎಂದರು ಮೇಷ್ಟ್ರು.

"ಯಾಕೆ ಅಂದ್ರೆ? ಅತ್ತೇನ ಯಾರು ನೋಡ್ಕೊಳ್ಳೋದು? ಮಲಗಿಸಿದವಳು ನಾನು, ಎಬ್ಬಿಸಿ ನಿಲ್ಲಿಸೋವರೆಗೂ ನಾನೇ ಮಾಡಬೇಕು." ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. "ಅಂದ ಹಾಗೆ, ಒಂದು ಕೇಳ್ತೀನಿ, ಇಲ್ಲ ಅನ್ಬೇಡಿ. ಇನ್ನು ಸ್ವಲ್ಪ ದಿನಕ್ಕೆ ಅವರಿಗೆ ಕೋಲು ಕೊಡಬಹುದಂತೆ. ಅಂಗಡೀದು ಬೇಡ, ಮಗ ಮಾಡಿದ್ದೇ ಬೇಕು ಅಂತ ಹಟ ಹಿಡಿದಿದಾರೆ. ಹಾಗೇ ಇನ್ನೊಂದು ಮಾಡಿಕೊಡಿ. ಆ ಕಪ್ಪು ಬಳೆ ಇರಲಿ. ಕೋಲಿನದೇನು ತಪ್ಪು ಪಾಪ."

ಅವಳು ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು.

"ಇಡು," ಎಂದರು ಮೇಷ್ಟ್ರು.

"ಏನು?"

"ಫೋನು ಇಡು. ಈಗಲೇ ಹೇಳಬೇಡ. ಊಟ ಆದ ಮೇಲೆ ಹೇಳು."

ಅವಳು ಗಂಡನ ಮುಖ ನೋಡಿ, ಹುಬ್ಬು ಗಂಟಿಕ್ಕಿ, ಫೋನು ಇಟ್ಟಳು.

ಅಜ್ಜಿಯ ಕೋಣೆಯಲ್ಲಿ ಎಲ್ಲರೂ ಊಟಕ್ಕೆ ಕೂತ ಮೇಲೆ ಮೇಷ್ಟ್ರು ಶೆಡ್ಡಿಗೆ ಹೋಗಿ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟರು. ಬಟಾಣಿಯ ಬಟ್ಟಲಿಗೂ ಬ್ರೆಡ್ಡಿನ ತಟ್ಟೆಗೂ ನಡುವೆ. ಸಿಪ್ಪೆ ಉದುರಿತು. ಹೆಂಡತಿ ಅಭ್ಯಾಸಬಲದಿಂದ ಅದನ್ನು ಅಂಗೈಯಿಂದ ಒರೆಸಿಕೊಂಡಳು.

"ಇದು ಬಿದ್ದ ಏಟಿಗೆ ಮುರಿದದ್ದಲ್ಲ," ಎಂದರು ಮೇಷ್ಟ್ರು. "ಮೊದಲು ಇದು ಕಳಚಿಕೊಂಡಿದೆ. ಆಮೇಲೆ ಅಮ್ಮ ಬಿದ್ದಿದಾಳೆ. ತೂತು ದೊಡ್ಡದಾಗಿತ್ತು. ನಾನು ಅಂಟು ತುಂಬಿ ಮುಚ್ಚಿದ್ದೆ. ಬಳೆ ಹಾಕಿದ್ದೂ ಅದಕ್ಕೇ."

ಮಗಳು ಗೂಟವಿದ್ದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. "ಒಂದು ಗೀರೂ ಇಲ್ಲ," ಎಂದಳು ಮೆಲ್ಲಗೆ. "ಅಪ್ಪಾ. ನಿನಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ."

ಮೊದಲು ಸದ್ದು ಮಾಡಿದವಳು ಅಜ್ಜಿ. ದಿಂಬಿನಿಂದ ಅರ್ಧ ಎದ್ದು ಮಗನ ತೋಳು ಹಿಡಿದುಕೊಂಡಳು. "ಅಯ್ಯೋ ನನ್ನ ಕಂದಾ! ಇಷ್ಟು ದಿನ ಒಬ್ಬನೇ ಇಟ್ಕೊಂಡು ಎಷ್ಟು ನೊಂದಿದೀಯೋ! ನೀನೇನು ಬೇಕೂ ಅಂತ ಮಾಡಿದ್ಯಾ? ಪ್ರೀತಿಯಿಂದ ಮಾಡ್ಕೊಟ್ಟೆ. ಮರ ಅಂದ್ಮೇಲೆ ಕಳಚುತ್ತೆ. ಬಿಡು ಬಿಡು, ಊಟ ಮಾಡು ಮೊದಲು, ಆರಿಹೋಗುತ್ತೆ." ಆಮೇಲೆ ಸೊಸೆಯ ಕಡೆ ಒಮ್ಮೆ ನೋಡಿ, ಸ್ವಲ್ಪ ತಡೆದು ಹೇಳಿದಳು: "ಆದ್ರೂ ನೆಲ ಒದ್ದೆ ಇದ್ದದ್ದಂತೂ ನಿಜ ತಾನೇ."

ಹೆಂಡತಿ ನಕ್ಕಳು. ಎಷ್ಟೋ ವಾರಗಳ ಮೇಲೆ ಕೇಳಿದ ಆ ನಗು ಮೇಷ್ಟ್ರಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ತಾವು ಎರಡು ತುತ್ತಿನ ನಡುವೆ ಪಡೆದ ಕ್ಷಮೆಗಾಗಿ ಇವಳು ದಿನವೂ ಸೊಂಟ ಬಗ್ಗಿಸಿ ದುಡಿದಿದ್ದಳು, ಆದರೂ ಅದು ಪೂರ್ತಿಯಾಗಿ ಸಿಕ್ಕಿರಲಿಲ್ಲ.

"ಅವತ್ತು ನೆಲ ಒಣಗಿತ್ತಾ, ಒಣಗಿರಲಿಲ್ವಾ," ಎಂದಳು ಅವಳು, ಗಂಡನಿಗೆ ಮಾತ್ರ. "ಎಷ್ಟು ಸಲ ನೆನಪು ಮಾಡ್ಕೊಂಡಿದೀನಿ ಗೊತ್ತಾ? ಫ್ಯಾನ್ ಹಾಕಿದ್ದೆನಾ, ಕಿಟಕಿ ತೆಗೆದಿದ್ದೆನಾ. ಕೆಲಸ ಮಾಡ್ತಾ, ನಿದ್ದೇಲಿ. ನೀವು ಪಕ್ಕದಲ್ಲೇ ಮಲಗಿದ್ರಿ. ಕೈ ಚಾಚಿದ್ರೆ ಸಿಗೋಷ್ಟು ಹತ್ತಿರ."

"ತಪ್ಪಾಯ್ತು ಕಣೇ."

"ಚಪ್ಪಲಿ ತಂದುಕೊಟ್ರಿ."

"ತಪ್ಪಾಯ್ತು ಅಂದ್ನಲ್ಲ."

"ಅಂದ್ರಿ. ಕೇಳಿಸ್ತು. ನಾನು ಕ್ಷಮಿಸ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಅದಕ್ಕೆ ಈಗ ಟೈಮೂ ಇಲ್ಲ. ಬೆಳಿಗ್ಗೆ ಬೇಗ ಏಳಬೇಕು, ಪಾಳಿಗೆ ಹೋಗಬೇಕು." ತಟ್ಟೆ ಎತ್ತಿಕೊಂಡು ಎದ್ದಳು. "ಅತ್ತೆ, ನಿಮ್ಮ ಮಾತ್ರೆ ಎಲ್ಲಿದೆ, ಗಂಜಿಗೆ ಎಷ್ಟು ನೀರು, ಬೆನ್ನಿಗೆ ಯಾವ ಎಣ್ಣೆ, ಎಲ್ಲ ಇವರಿಗೆ ಹೇಳ್ಕೊಡಿ."

"ಇವನಿಗಾ?" ಎಂದಳು ಅಜ್ಜಿ.

ಮರುದಿನ ಮೇಷ್ಟ್ರು ಬೆಳಗಿನ ಕಲಿಯುವವರನ್ನೆಲ್ಲ ಸಂಜೆಗೆ ಹಾಕಿ ಮನೆಯಲ್ಲಿ ಉಳಿದರು. ಗಂಜಿ ತಳ ಹಿಡಿಯಿತು. ಮಾತ್ರೆ ಹುಡುಕುವಷ್ಟರಲ್ಲಿ ಸಾಕುಬೇಕಾಯಿತು. ಮಗಳು ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅಜ್ಜಿ ಕೂಗಿದ್ರೆ ಓಡಿಹೋಗು, ತಡ ಮಾಡಬೇಡ" ಎಂದಷ್ಟೇ ಹೇಳಿ ಹೋದಳು. ಅಪ್ಪನ ಮುಖವನ್ನು ಅವಳೂ ಸರಿಯಾಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿ ಸೊಸೆಯನ್ನು ಕೂಗಿದಳು.

"ಅವಳು ಆಗಲೇ ಹೋದಳಮ್ಮ. ನಾನಿದೀನಿ. ಏನು ಬೇಕು?"

"ಏನೂ ಇಲ್ಲ, ಹೋಗು."

"ಬಚ್ಚಲಿಗೆ ಹೋಗಬೇಕಾ?"

"ಇಲ್ಲ ಅಂದ್ನಲ್ಲ. ಅವಳು ಬರಲಿ. ತಡ್ಕೊಳ್ತೀನಿ."

"ಅವಳು ಬರೋದು ಮಧ್ಯಾಹ್ನ ಕಳೆದ ಮೇಲೆ."

ಅಜ್ಜಿ ಗೋಡೆಯ ಕಡೆ ತಿರುಗಿದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು. ತಡೆದುಕೊಳ್ಳುವ ವಯಸ್ಸು ಮುದುಕಿಗೆ ದಾಟಿ ಎಷ್ಟೋ ಕಾಲವಾಗಿತ್ತು. ಕೊನೆಗೆ ಅವಳೇ ಕೈ ಚಾಚಿದಳು. ಮೇಷ್ಟ್ರು ಎಬ್ಬಿಸಿ, ವಾಕರ್ ಮುಂದಿಟ್ಟು, ಒಂದು ಕೈಯಿಂದ ಬೆನ್ನು, ಇನ್ನೊಂದರಿಂದ ಸೀರೆಯ ನೆರಿಗೆ ಹಿಡಿದು ಹೊರಟರು. ತಾಯಿಯ ಮೈ ಇಷ್ಟು ಹಗುರವಾಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಉದ್ದದ ಹಾದಿಯ ನಡುವೆ ಅಜ್ಜಿ ನಿಂತಳು. ಬಿದ್ದ ಜಾಗ ಅದೇ.

"ನೆಲ ಒಣಗಿತ್ತು ಕಣೋ," ಎಂದಳು.

"ಏನಮ್ಮ?"

"ಅವತ್ತು. ನೆಲ ಒಣಗೇ ಇತ್ತು. ಕೋಲು ಕೈಯಲ್ಲೇ ಲಟಕ್ ಅಂತು, ಆಮೇಲೆ ನಾನು ಬಿದ್ದೆ. ನನಗೆ ಗೊತ್ತಾಯ್ತು."

"ಮತ್ತೆ ಯಾಕಮ್ಮ ಹೇಳಲಿಲ್ಲ? ದಿನಾ ಅವಳನ್ನ... ದಿನಾ ಅದೇ ಮಾತು ಹೇಳ್ತಿದ್ಯಲ್ಲ. ನಿನ್ನೆ ರಾತ್ರಿ ಕೂಡ!"

ಅಜ್ಜಿ ವಾಕರನ್ನು ಒಂದು ಗೇಣು ಮುಂದೆ ತಳ್ಳಿದಳು.

"ಇವತ್ತು ಅವಳು ಬಂದ ತಕ್ಷಣ ಹೇಳಬೇಕು ನೀನು," ಎಂದರು ಮೇಷ್ಟ್ರು. "ನಾನು ಹೇಳಿದ್ದು ಸಾಲದು. ನೀನೇ ನಿನ್ನ ಬಾಯಿಂದ ಹೇಳಬೇಕು."

"ಹೇಳಿದ್ಮೇಲೆ ಅವಳು ನನ್ನನ್ನ ಮುಟ್ಟುತ್ತಾಳೇನೋ? ಆಮೇಲೆ ಯಾರು ನೋಡ್ಕೊಳ್ತಾರೆ ನನ್ನ?"

"ನಾನು ನೋಡ್ಕೊಳ್ತೀನಮ್ಮ."

ಅಜ್ಜಿ ತಲೆಯೆತ್ತಿ ಮಗನನ್ನು ನೋಡಿದಳು. ತಳ ಹಿಡಿದ ಗಂಜಿ ಮೆತ್ತಿಕೊಂಡಿದ್ದ ಅವರ ಅಂಗಿಯನ್ನು, ಸೀರೆಯನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಮುದ್ದೆ ಮಾಡಿ ಹಿಡಿದಿದ್ದ ಅವರ ಕೈಯನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ಅದಕ್ಕೇ ಕಣೋ ನಾನು ಹೇಳದೇ ಇದ್ದದ್ದು," ಎಂದಳು.